ದುಂಡನೆ ಕಾರು, ಚಪ್ಪಟೆ ಚೂರು

1972ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಒಂದಷ್ಟು ವಿದ್ಯಾರ್ಥಿಗಳು ಫೋಕ್ಸ್‌ವ್ಯಾಗನ್ ಬೀಟಲ್ ಕಾರೊಂದರ ಮೈಮೇಲೆ ಬಣ್ಣದ ಗೆರೆ ಎಳೆದರು. ಕಾರು ಅವರ ಪ್ರೊಫೆಸರ್ ಇವಾನ್ ಸದರ್‌ಲೆಂಡ್ ಅವರ ಪತ್ನಿ ಮಾರ್ಷಾ ಅವರದು. ಗೆರೆಗೆ ಗೆರೆ ಕೂಡಿದ ಕಡೆಯೆಲ್ಲ ಒಂದೊಂದು ಬಿಂದು. ಆ ಬಿಂದು ಉದ್ದಕ್ಕೆ ಎಷ್ಟು, ಅಡ್ಡಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು ಎಂದು ಅಳತೆಕೋಲು ಹಿಡಿದು ನೋಡಿ, ಬರೆದುಕೊಂಡು, ಆಮೇಲೆ ಕಂಪ್ಯೂಟರಿಗೆ ಉಣಿಸಬೇಕಿತ್ತು. ಬೀಟಲ್ ಕಾರಿನಲ್ಲಿ ಚಪ್ಪಟೆ ಎನ್ನುವ ಜಾಗ ಹುಡುಕಿದರೂ ಸಿಗುವುದು ಕಷ್ಟ: ಬಾನೆಟ್ಟು ಉಬ್ಬು, ಮಡ್‌ಗಾರ್ಡು ಉಬ್ಬು, ಛಾವಣಿ ಕಮಾನು. ಅಲ್ಲಿದ್ದ ಚಿತ್ರ ಬಿಡಿಸುವ ಪ್ರೋಗ್ರಾಮುಗಳಿಗೋ ಚಪ್ಪಟೆ ತುಂಡು ಕೊಟ್ಟರಷ್ಟೇ ಲೆಕ್ಕ ಹತ್ತುತ್ತಿತ್ತು. ಹಾಗಾಗಿ ಆ ದುಂಡು ಮೈಯನ್ನು ನೂರಾರು ಚಪ್ಪಟೆ ಚೂರುಗಳಾಗಿ ಒಡೆಯುವ ಕೆಲಸ ಮನುಷ್ಯರ ಪಾಲಿಗೆ ಬಂತು.

ಮೊಬೈಲಿನ ಆಟ, ಸಿನಿಮಾದ ಗ್ರಾಫಿಕ್ಸ್, ಕಾರು ಕಂಪನಿಯ ವಿನ್ಯಾಸ, ಆಸ್ಪತ್ರೆಯ ಸ್ಕ್ಯಾನಿನಿಂದ ಕಟ್ಟಿದ ಎಲುಬಿನ ಚಿತ್ರ, ಎಲ್ಲದರ ತಳದಲ್ಲೂ ಇಂದಿಗೂ ಇದೇ ಕೆಲಸವಿದೆ. ಈಗ ತಂತ್ರಾಂಶವೇ ಅದನ್ನು ಕ್ಷಣದಲ್ಲಿ ಮಾಡಿ ಮುಗಿಸುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅದರ ಬಹುಪಾಲು ವಿದ್ಯೆ ಹತ್ತು ವರ್ಷದೊಳಗೆ, ಅದೇ ಊರಿನ ಯೂಟಾ ವಿಶ್ವವಿದ್ಯಾಲಯದ ಒಂದೇ ವಿಭಾಗದಲ್ಲಿ, ಕೈಯಾರೆ ಗೆರೆ ಎಳೆದವರಿಂದ ಹುಟ್ಟಿತು.

ಆ ವಿಭಾಗವನ್ನು ಕಟ್ಟಿದವರು ಡೇವಿಡ್ ಇವಾನ್ಸ್. ಸಾಲ್ಟ್ ಲೇಕ್ ಸಿಟಿಯಲ್ಲೇ ಹುಟ್ಟಿ ಬೆಳೆದು, ಬರ್ಕ್ಲಿಯಲ್ಲಿ ಪಾಠ ಮಾಡುತ್ತಿದ್ದ ಅವರನ್ನು 1960ರ ದಶಕದ ನಡುವಿನಲ್ಲಿ ತವರಿನ ವಿಶ್ವವಿದ್ಯಾಲಯ ಕರೆಸಿಕೊಂಡಿತು. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಆರ್ಪಾ ದುಡ್ಡು ಕೊಟ್ಟಿತು. 1968ರಲ್ಲಿ ಸದರ್‌ಲೆಂಡ್ ಬಂದು ಸೇರಿಕೊಂಡರು. 1963ರಲ್ಲೇ ಎಂಐಟಿಯಲ್ಲಿ ಅವರು ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಮು ಬರೆದು, ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ಚಿತ್ರ ಬಿಡಿಸುವುದನ್ನು ತೋರಿಸಿ ಹೆಸರು ಮಾಡಿದ್ದರು. ಆದರೆ ಸ್ಕೆಚ್‌ಪ್ಯಾಡಿನಲ್ಲಿದ್ದದ್ದು ಗೆರೆ ಮಾತ್ರ. ಗೆರೆಗಳ ಪೆಟ್ಟಿಗೆಗೆ ಮೈಯಿಲ್ಲ, ಬಣ್ಣವಿಲ್ಲ, ಹಿಂದಿನದು ಮುಂದಿನದನ್ನು ಹಾದು ಕಾಣುತ್ತದೆ. ಮೈಯುಳ್ಳ ವಸ್ತುವನ್ನು, ಅದರ ಮೇಲೆ ಬೀಳುವ ಬೆಳಕಿನೊಡನೆ, ತೋರಿಸುವುದು ಹೇಗೆ ಎಂಬುದು ಯೂಟಾದವರ ಪ್ರಶ್ನೆಯಾಯಿತು.

1967ರಲ್ಲಿ ವೈಲಿ, ರಾಮ್ನಿ, ಇವಾನ್ಸ್, ಎರ್ಡಾಲ್ ಎಂಬ ನಾಲ್ವರು ಒಂದು ಪ್ರಬಂಧ ಮಂಡಿಸಿದರು. ವಸ್ತುವನ್ನೆಲ್ಲ ತ್ರಿಕೋನಗಳಾಗಿ ಒಡೆದು ಕೊಟ್ಟರೆ, ಪರದೆಯ ಒಂದೊಂದು ಅಡ್ಡಸಾಲಿನಲ್ಲೂ ಯಾವ ತ್ರಿಕೋನ ಮುಂದಿದೆ ಎಂದು ನೋಡುತ್ತ ಮೇಲಿನಿಂದ ಕೆಳಗೆ ಚಿತ್ರ ತುಂಬಬಹುದು ಎಂಬುದು ಅದರ ಸಾರ. ತ್ರಿಕೋನವೇ ಯಾಕೆ? ಮೂರು ಕಲ್ಲಿಟ್ಟ ಒಲೆಯ ಮೇಲೆ ಪಾತ್ರೆ ಎಂದೂ ಅಲುಗಾಡುವುದಿಲ್ಲ. ನಾಲ್ಕು ಕಲ್ಲಿಟ್ಟರೆ ಒಂದಾದರೂ ಮೇಲೋ ಕೆಳಗೋ ಆಗುತ್ತದೆ. ಬಿಂದುಗಳದ್ದೂ ಅದೇ ಗುಣ. ಮೂರು ಬಿಂದುಗಳನ್ನು ಎಲ್ಲಿಟ್ಟರೂ ಅವುಗಳ ಮೂಲಕ ಒಂದು ಸಮತಲ ಹಾದೇ ಹಾಯುತ್ತದೆ. ನಾಲ್ಕನೆಯದು ಬಂದರೆ ಆ ಖಾತರಿ ಇಲ್ಲ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ತುಂಡು ಸೊಟ್ಟಗಾಗುತ್ತದೆ. ಇದರ ಮೇಲೆ ತ್ರಿಕೋನದಲ್ಲಿ ಒಳಮುಖದ ಮೂಲೆ ಇರಲು ಸಾಧ್ಯವೇ ಇಲ್ಲ, ಅಡ್ಡಸಾಲೊಂದು ಅದರ ಒಳಕ್ಕೆ ಒಂದೇ ಸಲ ಹೊಕ್ಕು ಒಂದೇ ಸಲ ಹೊರಬೀಳುತ್ತದೆ. ಲೆಕ್ಕ ಹಾಕುವವನಿಗೆ ಇದಕ್ಕಿಂತ ಸಲೀಸಾದ ಆಕಾರ ಬೇರೊಂದಿಲ್ಲ.

ಎಲ್ಲರೂ ವಸ್ತುವನ್ನೇ ಒಡೆಯಲು ಹೊರಟಿರಲಿಲ್ಲ. ಅದೇ ವಿಭಾಗದ ಜಾನ್ ವಾರ್ನಾಕ್ 1969ರ ತಮ್ಮ ಪ್ರಬಂಧದಲ್ಲಿ ಪರದೆಯನ್ನೇ ಕತ್ತರಿಸಿದರು. ಈ ಚೌಕದಲ್ಲಿ ಏನು ಕಾಣುತ್ತದೆ ಎಂದು ಸುಲಭವಾಗಿ ಹೇಳಲಾಗದಿದ್ದರೆ ನಾಲ್ಕು ಭಾಗ ಮಾಡು, ಒಂದೊಂದನ್ನೂ ಮತ್ತೆ ಕೇಳು, ಉತ್ತರ ಸಿಗುವವರೆಗೆ ಅಥವಾ ಒಂದು ಚುಕ್ಕೆಯಷ್ಟಾಗುವವರೆಗೆ ಒಡೆಯುತ್ತಲೇ ಹೋಗು. ವಾರ್ನಾಕ್ ಮುಂದೆ 1982ರಲ್ಲಿ ಚಾರ್ಲ್ಸ್ ಗೆಶ್ಕಿ ಜೊತೆ ಅಡೋಬಿ ಕಂಪನಿ ಕಟ್ಟಿದರು.

ಒಡೆಯುವುದೇನೋ ಬಂತು. ಒಡೆದದ್ದು ಕಾಣದಂತೆ ಮಾಡುವುದು ಅದಕ್ಕಿಂತ ಕಷ್ಟವಾಯಿತು. ಫ್ರಾನ್ಸಿನಿಂದ ಬಂದಿದ್ದ ಆನ್ರಿ ಗೂರೋ ತಮ್ಮ ಹೆಂಡತಿ ಸಿಲ್ವಿಯ ಮುಖದ ಮೇಲೆಯೇ ಗೆರೆ ಎಳೆದರು. ಹಣೆ, ಕೆನ್ನೆ, ಮೂಗು, ತುಟಿ ಎಲ್ಲವೂ ಚಪ್ಪಟೆ ತುಂಡುಗಳ ಬಲೆಯಾದವು. ಎದುರಿನಿಂದ ಮತ್ತು ಪಕ್ಕದಿಂದ ತೆಗೆದ ಫೋಟೋಗಳಲ್ಲಿ ಬಿಂದುಗಳನ್ನು ಅಳೆದು ಮೂರು ಆಯಾಮದ ಲೆಕ್ಕ ಹೊಂದಿಸಿದರು. ಪರದೆಗೆ ಬಂದ ಮುಖ ಮಾತ್ರ ಉಳಿಯಲ್ಲಿ ಕೆತ್ತಿ ಅರ್ಧಕ್ಕೆ ಬಿಟ್ಟಂತಿತ್ತು. ಒಂದೊಂದು ತುಂಡಿಗೂ ಒಂದೊಂದು ಬಣ್ಣ, ತುಂಡು ತುಂಡಿನ ನಡುವೆ ಎದ್ದು ಕಾಣುವ ಅಂಚು. ತುಂಡುಗಳನ್ನು ಇನ್ನಷ್ಟು ಸಣ್ಣದು ಮಾಡಿದರೆ ಸರಿಹೋದೀತು ಎಂದುಕೊಂಡರೆ ಅದೂ ಅಷ್ಟಾಗಿ ಫಲಿಸಲಿಲ್ಲ. ಕಾರಣ ಕಂಪ್ಯೂಟರಿನಲ್ಲಿರಲಿಲ್ಲ, ನೋಡುವ ಕಣ್ಣಿನಲ್ಲಿತ್ತು. ಬೆಳಕು ಥಟ್ಟನೆ ಬದಲಾಗುವ ಕಡೆ ನಮ್ಮ ಕಣ್ಣು ಆ ವ್ಯತ್ಯಾಸವನ್ನು ಇರುವುದಕ್ಕಿಂತ ಹಿಗ್ಗಿಸಿ ತೋರಿಸುತ್ತದೆ ಎಂಬುದನ್ನು ಎರ್ನ್ಸ್ಟ್ ಮಾಖ್ ಎಂಬ ಭೌತವಿಜ್ಞಾನಿ 19ನೇ ಶತಮಾನದಲ್ಲೇ ಗುರುತಿಸಿದ್ದರು.

ಗೂರೋ 1971ರಲ್ಲಿ ಕಂಡುಕೊಂಡ ಉಪಾಯ ಸರಳವಾದದ್ದು. ಬೆಳಕಿನ ಲೆಕ್ಕವನ್ನು ತುಂಡಿಗೊಂದರಂತೆ ಮಾಡುವ ಬದಲು ಮೂಲೆಗೊಂದರಂತೆ ಮಾಡು. ನಡುವಿನ ಜಾಗಕ್ಕೆ ಮೂಲೆಗಳ ಬೆಲೆಯನ್ನೇ ಹದವಾಗಿ ಹಂಚು. ಒಂದು ಮೂಲೆಯ ಹೊಳಪು 20, ಇನ್ನೊಂದರದು 80 ಎಂದಿದ್ದರೆ ಅವೆರಡರ ನಟ್ಟನಡುವೆ 50. ಪಕ್ಕದ ತುಂಡೂ ಅದೇ ಮೂಲೆಗಳನ್ನು ಹಂಚಿಕೊಂಡಿರುವುದರಿಂದ ಅಂಚಿನಲ್ಲಿ ಎರಡೂ ಕಡೆಯ ಬಣ್ಣ ಒಂದೇ ಆಗುತ್ತದೆ. ಆಕಾರ ಬದಲಾಗಿಲ್ಲ, ತುಂಡುಗಳು ಇನ್ನೂ ಚಪ್ಪಟೆಯೇ. ಆದರೂ ಸಿಲ್ವಿಯ ಕೆನ್ನೆ ನುಣುಪಾಯಿತು. ಬದಿಯಿಂದ ನೋಡಿದಾಗ ಮುಖದ ಹೊರಗೆರೆಯಲ್ಲಿ ಮಾತ್ರ ಮೂಲೆಗಳು ಉಳಿದಿದ್ದವು. ಹಳೆಯ ವಿಡಿಯೋ ಗೇಮುಗಳಲ್ಲಿ ಮೈಯೆಲ್ಲ ನುಣ್ಣಗಿದ್ದು ತಲೆಯ ಅಂಚು ಮಾತ್ರ ಬಹುಭುಜಾಕೃತಿಯಾಗಿ ಕಾಣುತ್ತಿದ್ದದ್ದು ಇದೇ ಕಾರಣಕ್ಕೆ.

ಗೂರೋ ವಿಧಾನದಲ್ಲಿ ಹೊಳೆಯುವ ವಸ್ತುಗಳು ಕೈಕೊಡುತ್ತಿದ್ದವು. ಮಿರುಗುವ ಚುಕ್ಕೆ ತ್ರಿಕೋನದ ಮಧ್ಯದಲ್ಲಿ ಬೀಳಬೇಕಿದ್ದರೆ ಮೂಲೆಗಳಿಗೆ ಅದರ ಸುಳಿವೇ ಸಿಗದೆ ಮಾಯವಾಗುತ್ತಿತ್ತು. ಅದನ್ನು ಬಗೆಹರಿಸಿದವರು ವಿಯೆಟ್ನಾಮಿನಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಓದಿ, ಯೂಟಾಕ್ಕೆ ಬಂದಿದ್ದ ಬುಯಿ ತುವಾಂಗ್ ಫಾಂಗ್. ಬಣ್ಣವನ್ನು ಹಂಚುವ ಬದಲು ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಎಂಬ ದಿಕ್ಕನ್ನೇ ಮೂಲೆಯಿಂದ ಮೂಲೆಗೆ ಹಂಚು, ಆಮೇಲೆ ಒಂದೊಂದು ಚುಕ್ಕೆಯಲ್ಲೂ ಬೆಳಕಿನ ಲೆಕ್ಕ ಹಾಕು ಎಂದರು. 1973ರಲ್ಲಿ ಅವರ ಪಿಎಚ್‌.ಡಿ. ಮುಗಿಯಿತು, 1975ರಲ್ಲಿ ಪ್ರಬಂಧ ಅಚ್ಚಾಯಿತು, ಅದೇ ವರ್ಷ, ಮೂವತ್ತರ ಹರೆಯದಲ್ಲಿ, ರಕ್ತದ ಕ್ಯಾನ್ಸರಿನಿಂದ ಫಾಂಗ್ ತೀರಿಕೊಂಡರು. ಚುಕ್ಕೆಚುಕ್ಕೆಗೂ ಲೆಕ್ಕ ಹಾಕುವಷ್ಟು ಶಕ್ತಿ ಅಂದಿನ ಯಂತ್ರಗಳಿಗೆ ಇರಲಿಲ್ಲ. ಗೇಮುಗಳಲ್ಲಿ ಅದು ಮಾಮೂಲಾಗುವ ಹೊತ್ತಿಗೆ ಕಾಲು ಶತಮಾನವೇ ಉರುಳಿತ್ತು. ಇಂದು ಗ್ರಾಫಿಕ್ಸ್ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ವಾರಗಳಲ್ಲೇ ಫಾಂಗ್ ಹೆಸರು ಕೇಳುತ್ತಾನೆ, ಆ ಮನುಷ್ಯ ಎಷ್ಟು ಕಡಿಮೆ ಕಾಲ ಬಾಳಿದರು ಎಂಬುದನ್ನು ಪಠ್ಯಪುಸ್ತಕಗಳೂ ಒಂದು ಸಾಲಿನಲ್ಲಿ ಹೇಳಬೇಕಿತ್ತು.

ಬೀಟಲ್ ಅಳೆದ ವರ್ಷವೇ ಎಡ್ ಕ್ಯಾಟ್ಮಲ್ ಎಂಬ ಇನ್ನೊಬ್ಬ ವಿದ್ಯಾರ್ಥಿ ತಮ್ಮ ಎಡಗೈಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಬಕೆಟ್ಟಿನಲ್ಲಿ ಅದ್ದಿದರು. ಮೊದಲು ವ್ಯಾಸಲೀನ್ ಸವರಿಕೊಳ್ಳಲು ಮರೆತದ್ದರಿಂದ ಕೈ ಹೊರಗೆಳೆಯುವಾಗ ಹಿಂಗೈಯ ರೋಮವೆಲ್ಲ ಕಿತ್ತುಬಂತೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಆ ಅಚ್ಚಿನೊಳಗೆ ಮತ್ತೆ ಪ್ಲಾಸ್ಟರ್ ಸುರಿದು ಕೈಯ ಪಡಿಯಚ್ಚು ತೆಗೆದರು. ಅದರ ಮೇಲೆ ಸುಮಾರು 350 ಪುಟ್ಟ ತ್ರಿಕೋನ, ಬಹುಭುಜಗಳನ್ನು ಒಂದಕ್ಕೊಂದು ಹೊಂದುವಂತೆ ಕಪ್ಪು ಗೆರೆಯಲ್ಲಿ ಬಿಡಿಸಿದರು. ಬೆರಳ ಗಿಣ್ಣು ಬಾಗುವ ಕಡೆ ತುಂಡು ಸಣ್ಣದಿರಬೇಕು, ಅಂಗೈಯ ಬಯಲಿನಲ್ಲಿ ದೊಡ್ಡದಿದ್ದರೂ ನಡೆಯುತ್ತದೆ. ಎಲ್ಲಿ ಎಷ್ಟು ಒಡೆಯಬೇಕೆಂಬ ಈ ವಿವೇಕ ಮಾಡೆಲ್ ಮಾಡುವವರ ಕಸುಬಿನಲ್ಲಿ ಇವತ್ತಿಗೂ ಅರ್ಧ ಪಾಲು. ಫ್ರೆಡ್ ಪಾರ್ಕ್ ಜೊತೆಗೂಡಿ ಮಾಡಿದ ಆ ಕಿರುಚಿತ್ರದಲ್ಲಿ ಕೈ ತಿರುಗುತ್ತದೆ, ಬೆರಳು ಮಡಚುತ್ತದೆ, ಕ್ಯಾಮೆರಾ ಬೆರಳೊಳಗೇ ನುಗ್ಗಿ ನೋಡುತ್ತದೆ. 1976ರ ‘ಫ್ಯೂಚರ್‌ವರ್ಲ್ಡ್’ ಸಿನಿಮಾದಲ್ಲಿ ಆ ತುಣುಕು ಬಳಕೆಯಾಯಿತು. 2011ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು.

ಅಷ್ಟು ಗೆರೆ ಎಳೆದ ಕ್ಯಾಟ್ಮಲ್ಲರೇ 1974ರ ಪ್ರಬಂಧದಲ್ಲಿ ದಾರಿ ಬದಲಿಸಿದರು. ಮೊದಲೇ ಒಡೆದಿಟ್ಟುಕೊಳ್ಳುವುದು ಯಾಕೆ? ಬಾಗಿದ ಮೈಯನ್ನು ಬಾಗಿದಂತೆಯೇ ಗಣಿತದಲ್ಲಿ ಇಟ್ಟುಕೊಂಡು, ಚಿತ್ರ ಬಿಡಿಸುವ ಹೊತ್ತಿಗೆ ನಾಲ್ಕಾಗಿ ಒಡೆ. ಇನ್ನೂ ದೊಡ್ಡದಿದ್ದರೆ ಮತ್ತೆ ನಾಲ್ಕಾಗಿ ಒಡೆ. ಪರದೆಯ ಒಂದು ಪಿಕ್ಸೆಲ್ಲಿಗಿಂತ ಚಿಕ್ಕದಾದಾಗ ನಿಲ್ಲಿಸಿ ಬಣ್ಣ ಹಚ್ಚು. ಅಷ್ಟು ಚಿಕ್ಕದಾದ ಮೇಲೆ ಅದು ಚಪ್ಪಟೆಯೋ ಬಾಗಿದ್ದೋ ಯಾರಿಗೂ ಗೊತ್ತಾಗದು. ಯಾವುದು ಮುಂದೆ, ಯಾವುದು ಹಿಂದೆ ಎಂದು ತಿಳಿಯಲು ಒಂದೊಂದು ಪಿಕ್ಸೆಲ್ಲಿನ ದೂರವನ್ನೂ ನೆನಪಿನಲ್ಲಿಡುವ ಉಪಾಯವೂ ಅದೇ ಪ್ರಬಂಧದಲ್ಲಿತ್ತು.

ಬಾಗಿದ್ದನ್ನು ಬಾಗಿದಂತೆಯೇ ಇಟ್ಟುಕೊಳ್ಳುವ ಗಣಿತ ಬಂದದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಿಂದ. ಸಿತ್ರೋಯೆನ್ ಕಂಪನಿಯ ಪಾಲ್ ದ ಕಾಸ್ತೆಲ್ಜೋ 1950ರ ದಶಕದ ಕೊನೆಯಲ್ಲೇ ಅದನ್ನು ಕಂಡುಕೊಂಡಿದ್ದರು, ಕಂಪನಿ ಗುಟ್ಟಾಗಿಟ್ಟಿತು. ರೆನೋ ಕಂಪನಿಯ ಪಿಯೆರ್ ಬೆಝಿಯೆ ತಮ್ಮದನ್ನು ಪ್ರಕಟಿಸಿದರು, ಹೆಸರು ಅವರದಾಯಿತು. ಒಡೆಯುವ ಕ್ರಮ ಮಾತ್ರ ಕಾಸ್ತೆಲ್ಜೋ ಅವರದು. ಅದನ್ನು ಯಾರು ಬೇಕಾದರೂ ಪೆನ್ಸಿಲ್ಲು, ಸ್ಕೇಲು ಹಿಡಿದು ಮಾಡಿ ನೋಡಬಹುದು. ಕಾಗದದ ಮೇಲೆ ನಾಲ್ಕು ಬಿಂದು ಇಟ್ಟು ಸಾಲಾಗಿ ಗೆರೆಯಲ್ಲಿ ಜೋಡಿಸಿ: ಮೂರು ಗೆರೆ. ಮೂರರ ಮಧ್ಯಬಿಂದುಗಳನ್ನು ಗುರುತಿಸಿ ಜೋಡಿಸಿ: ಎರಡು ಗೆರೆ. ಅವುಗಳ ಮಧ್ಯಬಿಂದುಗಳನ್ನು ಜೋಡಿಸಿ: ಒಂದು ಗೆರೆ. ಅದರ ಮಧ್ಯಬಿಂದು ನಿಖರವಾಗಿ ವಕ್ರರೇಖೆಯ ಮೇಲೇ ಬೀಳುತ್ತದೆ, ಮತ್ತು ಅಲ್ಲಿಗೆ ರೇಖೆ ಎರಡು ತುಂಡಾಗುತ್ತದೆ. ಒಂದೊಂದು ತುಂಡಿಗೂ ಅದರದೇ ನಾಲ್ಕು ಬಿಂದು ತಾನಾಗಿ ಸಿಕ್ಕಿರುತ್ತದೆ. ಕೂಡುವುದು, ಎರಡರಿಂದ ಭಾಗಿಸುವುದು ಬಿಟ್ಟರೆ ಬೇರೆ ಲೆಕ್ಕವೇ ಇಲ್ಲ.

ಯೂಟಾದಲ್ಲೇ ಇದ್ದ ಮಾರ್ಟಿನ್ ನ್ಯೂವೆಲ್‌ಗೆ ಇಂಥ ಬಾಗಿದ ತುಂಡುಗಳನ್ನು ಪರೀಕ್ಷಿಸಲು ಒಂದು ವಸ್ತು ಬೇಕಾಗಿತ್ತು. ಹೆಂಡತಿ ಸ್ಯಾಂಡ್ರಾ, ಟೀ ಕುಡಿಯುವ ಹೊತ್ತಿನಲ್ಲಿ, ಎದುರಿಗಿರುವ ಟೀ ಪಾಟನ್ನೇ ಮಾಡಿದರೆ ಹೇಗೆ ಎಂದರಂತೆ. ಊರಿನ ಜೆಡ್‌ಸಿಎಂಐ ಅಂಗಡಿಯಲ್ಲಿ ಕೊಂಡ ಮೆಲಿಟ್ಟಾ ಕಂಪನಿಯ ಬಿಳಿ ಪಾತ್ರೆ ಅದು. ನ್ಯೂವೆಲ್ ಗ್ರಾಫ್ ಹಾಳೆಯ ಮೇಲೆ ಅದರ ಪಾರ್ಶ್ವನೋಟ ಬಿಡಿಸಿ ಬಿಂದುಗಳನ್ನು ಓದಿಕೊಂಡರು. ಮೊದಲು ತಳ ಇರಲಿಲ್ಲ. ಆಮೇಲೆ ತಳವೂ ಸೇರಿ ಒಟ್ಟು 32 ಬಾಗಿದ ತುಂಡುಗಳಾದವು. ಹೊಟ್ಟೆ ಉಬ್ಬು, ಕೊಕ್ಕು ಬಾಗು, ಹಿಡಿಯ ನಡುವೆ ಖಾಲಿ ಜಾಗ, ತನ್ನ ಮೈಮೇಲೆ ತನ್ನದೇ ನೆರಳು. ಪರೀಕ್ಷೆಗೆ ಬೇಕಾದ ಕಷ್ಟಗಳೆಲ್ಲ ಒಂದೇ ಕಡೆ ಸಿಕ್ಕಿದವು. ನ್ಯೂವೆಲ್ ಅಂಕಿಗಳನ್ನು ಕೇಳಿದವರಿಗೆಲ್ಲ ಕೊಟ್ಟರು. ಅರ್ಧ ಶತಮಾನದಿಂದ ಹೊಸ ವಿಧಾನ ಹೊಳೆದವರು ಮೊದಲು ಅದನ್ನು ಪ್ರಯೋಗಿಸಿ ನೋಡುವ ವಸ್ತುಗಳಲ್ಲಿ ಅದೂ ಒಂದು. ಅಸಲಿ ಪಾತ್ರೆ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ.

ಬಾಗಿದ್ದನ್ನು ಒಡೆಯುವುದು ಒಂದು ಕಷ್ಟ. ಚಪ್ಪಟೆಯೇ ಆಗಿದ್ದರೂ ಕೊರಕಲು ಕೊರಕಲಾದ ಆಕಾರವನ್ನು ಒಡೆಯುವುದು ಇನ್ನೊಂದು. ನಕ್ಷೆಯ ಮೇಲಿನ ಜಿಲ್ಲೆಯ ಗಡಿಯನ್ನೇ ನೆನೆಸಿಕೊಳ್ಳಿ: ಒಳಕ್ಕೊಂದು ಚಾಚು, ಹೊರಕ್ಕೊಂದು ಮೂತಿ. ಎರಡು ಮೂಲೆಗಳ ನಡುವೆ ಗೆರೆ ಎಳೆದರೆ ಅದು ಆಕಾರದ ಹೊರಗೇ ಹೋಗಿಬಿಡಬಹುದು. ಗಣಿತಜ್ಞ ಮೈಸ್ಟರ್ಸ್ 1975ರಲ್ಲಿ ಇದಕ್ಕೆ ಒಂದು ಚೆಂದದ ಪ್ರಮೇಯ ಕೊಟ್ಟರು. ಮೂರಕ್ಕಿಂತ ಹೆಚ್ಚು ಮೂಲೆಯಿರುವ, ತನ್ನನ್ನು ತಾನು ದಾಟದ ಯಾವುದೇ ಬಹುಭುಜಕ್ಕೆ ಕಡಿಮೆಯೆಂದರೆ ಎರಡು ‘ಕಿವಿ’ಗಳಿರುತ್ತವೆ. ಒಂದು ಮೂಲೆಯ ಅಕ್ಕಪಕ್ಕದ ಎರಡು ಮೂಲೆಗಳನ್ನು ಸೇರಿಸಿದ ಗೆರೆ ಪೂರ್ತಿ ಒಳಗೇ ಬಿದ್ದರೆ ಅದು ಕಿವಿ. ಕಿವಿಯನ್ನು ಕತ್ತರಿಸಿದರೆ ಒಂದು ತ್ರಿಕೋನ ಕೈಗೆ ಬರುತ್ತದೆ, ಉಳಿದದ್ದರಲ್ಲಿ ಒಂದು ಮೂಲೆ ಕಡಿಮೆ. ಅದಕ್ಕೂ ಕಿವಿ ಇದ್ದೇ ಇರುತ್ತದೆ. ಹೀಗೆ 10 ಮೂಲೆಯ ಆಕಾರದಿಂದ 8 ತ್ರಿಕೋನ, 100 ಮೂಲೆಯದರಿಂದ 98. ಹೇಗೆ ಕತ್ತರಿಸಿದರೂ ಸಂಖ್ಯೆ ಬದಲಾಗದು.

ಕಿವಿ ಕತ್ತರಿಸುವುದು ನಿಧಾನದ ಕೆಲಸ, ಮೂಲೆಗಳು ಹೆಚ್ಚಾದಂತೆ ಸಮಯ ಬಲು ಬೇಗ ಏರುತ್ತದೆ. ಇದನ್ನು ಎಷ್ಟು ಚುರುಕಾಗಿ ಮಾಡಬಹುದು ಎಂಬ ಪ್ರಶ್ನೆಯ ಹಿಂದೆ ಗಣಿತಜ್ಞರು ಹತ್ತಾರು ವರ್ಷ ಬಿದ್ದರು. 1991ರಲ್ಲಿ ಬರ್ನಾರ್ಡ್ ಶಾಜೆಲ್ ಮೂಲೆಗಳ ಸಂಖ್ಯೆಗೆ ತಕ್ಕಷ್ಟೇ ಸಮಯ ಸಾಕೆಂದು ಸಾಧಿಸಿ ತೋರಿಸಿದರು. ಆದರೆ ಆ ಕ್ರಮ ಎಷ್ಟು ಜಟಿಲವೆಂದರೆ ಬಳಕೆಯ ತಂತ್ರಾಂಶಕ್ಕೆ ಒಗ್ಗಲಿಲ್ಲ. ಪ್ರೋಗ್ರಾಮರುಗಳು ಇಂದಿಗೂ ಹಳೆಯ ಕಿವಿ ಕತ್ತರಿಯನ್ನೇ ಒಂದಷ್ಟು ಹರಿತ ಮಾಡಿಕೊಂಡು ಬಳಸುವುದುಂಟು.

ಯೂಟಾದಲ್ಲಿ ಕಲಿತವರು ಚದುರಿದರು, ವಿದ್ಯೆಯೂ ಅವರ ಜೊತೆ ಹೋಯಿತು. ಕ್ಯಾಟ್ಮಲ್ ಪಿಕ್ಸಾರ್ ಕಟ್ಟಿದವರಲ್ಲಿ ಒಬ್ಬರಾದರು. 1987ರಲ್ಲಿ ರಾಬರ್ಟ್ ಕುಕ್, ಲೋರೆನ್ ಕಾರ್ಪೆಂಟರ್, ಕ್ಯಾಟ್ಮಲ್ ಮೂವರೂ ‘ರೇಯೆಸ್’ ಎಂಬ ವಿಧಾನವನ್ನು ಪ್ರಕಟಿಸಿದರು. ಎರಡು ಗಂಟೆಯ ಸಿನಿಮಾವನ್ನು ಒಂದು ವರ್ಷದಲ್ಲಿ ಮುಗಿಸಬೇಕಾದರೆ ಒಂದು ಫ್ರೇಮಿಗೆ ಸುಮಾರು 3 ನಿಮಿಷ ಸಿಗುತ್ತದೆ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಹೆಣೆದ ವಿಧಾನ ಅದು. ಎಲ್ಲ ಮೇಲ್ಮೈಯನ್ನೂ ಅರ್ಧ ಪಿಕ್ಸೆಲ್ ಅಗಲದ ನುಚ್ಚು ಮಾಡಿ, ಒಂದೊಂದು ನುಚ್ಚಿಗೂ ಒಂದೇ ಬಣ್ಣ ಹಚ್ಚುವುದು. ಗೂರೋ ಬಿಟ್ಟುಬಂದಿದ್ದ ಒಂದು ತುಂಡಿಗೆ ಒಂದು ಬಣ್ಣದ ಪದ್ಧತಿಗೆ, ತುಂಡು ಕಣ್ಣಿಗೆ ಕಾಣದಷ್ಟು ಸಣ್ಣದಾದ ಮೇಲೆ, ಮತ್ತೆ ಜೀವ ಬಂತು. 1995ರ ‘ಟಾಯ್ ಸ್ಟೋರಿ’ ಸಿದ್ಧವಾದದ್ದು ಈ ವಿಧಾನದಲ್ಲೇ.

ಅಗ್ಗದ ಯಂತ್ರಗಳಲ್ಲಿ ತ್ರಿಕೋನ ಗೆದ್ದದ್ದು ಜಗಳವಿಲ್ಲದೆ ಅಲ್ಲ. 1994ರಲ್ಲಿ ಬಂದ ಸೇಗಾ ಸ್ಯಾಟರ್ನ್ ಎಂಬ ಗೇಮ್ ಯಂತ್ರ ನಾಲ್ಕು ಮೂಲೆಯ ತುಂಡುಗಳನ್ನು ನಂಬಿತ್ತು. ಅದೇ ವರ್ಷದ ಸೋನಿ ಪ್ಲೇಸ್ಟೇಷನ್ ತ್ರಿಕೋನಗಳನ್ನು. ಎನ್‌ವಿಡಿಯಾ ಕಂಪನಿಯ ಮೊದಲ ಚಿಪ್ಪು, 1995ರ ಎನ್‌ವಿ1, ಬಾಗಿದ ತುಂಡುಗಳನ್ನೇ ನೇರವಾಗಿ ಬಿಡಿಸುವ ಸಾಹಸ ಮಾಡಿತು. ಮರುವರ್ಷ ಮೈಕ್ರೋಸಾಫ್ಟಿನ ಡೈರೆಕ್ಟ್‌ತ್ರಿಡಿ ಎಂಬ ಗ್ರಾಫಿಕ್ಸ್ ತಂತ್ರಾಂಶ ತ್ರಿಕೋನವನ್ನೇ ಆಧಾರವಾಗಿ ಹಿಡಿದು ಹೊರಬಂತು, ಗೇಮ್ ಬರೆಯುವವರೆಲ್ಲ ಆ ಕಡೆ ಹೊರಳಿದರು, ಎನ್‌ವಿ1 ಮೂಲೆ ಸೇರಿತು. ಎನ್‌ವಿಡಿಯಾ ಉಳಿದುಕೊಂಡದ್ದು 1997ರಲ್ಲಿ ತ್ರಿಕೋನ ಬಿಡಿಸುವ ರಿವಾ 128 ಚಿಪ್ಪಿನಿಂದ. 2020ರಲ್ಲಿ ಎಪಿಕ್ ಗೇಮ್ಸ್ ತನ್ನ ನ್ಯಾನೈಟ್ ತಂತ್ರವನ್ನು ತೋರಿಸಿದಾಗ, ಒಂದೊಂದು ಫ್ರೇಮಿನಲ್ಲೂ 100 ಕೋಟಿಗೂ ಹೆಚ್ಚು ತ್ರಿಕೋನಗಳ ಮೂಲ ಆಕಾರವನ್ನು ಸುಮಾರು 2 ಕೋಟಿಗೆ ಇಳಿಸಿ ಬಿಡಿಸುತ್ತಿರುವುದಾಗಿ ಹೇಳಿತು.

ಅಕ್ಷರಗಳ ಲೋಕದಲ್ಲಿ ಈ ವಿದ್ಯೆ ಇನ್ನೊಂದು ತಿರುವು ಕಂಡಿತು, ಅದರಲ್ಲಿ ಕನ್ನಡದಂಥ ದುಂಡು ಲಿಪಿಗೆ ನೇರ ಲಾಭವಿದೆ. ಟ್ರೂಟೈಪ್ ಫಾಂಟಿನಲ್ಲಿ ‘ಠ’ ಎಂಬ ಅಕ್ಷರವೆಂದರೆ ಹೊರಗೊಂದು ಬಾಗಿದ ಅಂಚು, ಒಳಗೊಂದು ತೂತಿನ ಅಂಚು, ನಡುವೆ ಚುಕ್ಕೆಯ ಅಂಚು. ಎಲ್ಲವೂ ಬೆಝಿಯೆ ರೇಖೆಗಳು, ಇಲ್ಲಿ ನಾಲ್ಕರ ಬದಲು ಮೂರು ಬಿಂದುಗಳವು. ಇದನ್ನು ತ್ರಿಕೋನಗಳಾಗಿ ಒಡೆಯಲು ಮೊದಲು ತೂತಿನಿಂದ ಹೊರಗಿನ ಅಂಚಿಗೆ ಒಂದು ಸೇತುವೆ ಕತ್ತರಿಸಿ ಉಂಗುರವನ್ನು ಬಿಚ್ಚಿಕೊಳ್ಳಬೇಕು. ಬಾಗುಗಳನ್ನು ಸಣ್ಣ ನೇರ ಗೆರೆಗಳಾಗಿ ಮುರಿದರೆ, ಸಿನಿಮಾ ಟೈಟಲಿನಂತೆ ಅಕ್ಷರ ಹಿಗ್ಗುತ್ತ ಹತ್ತಿರ ಬಂದಾಗ ಮೂಲೆಗಳು ಹೊರಬೀಳುತ್ತವೆ. 2005ರಲ್ಲಿ ಮೈಕ್ರೋಸಾಫ್ಟ್ ಸಂಶೋಧನಾಲಯದ ಚಾರ್ಲ್ಸ್ ಲೂಪ್ ಮತ್ತು ಯೂಟಾದಲ್ಲೇ ಪಿಎಚ್‌.ಡಿ. ಮಾಡಿದ್ದ ಜಿಮ್ ಬ್ಲಿನ್ ಒಂದು ದಾರಿ ತೋರಿಸಿದರು. ಬಾಗಿನ ಮೂರು ಬಿಂದುಗಳಿಂದಲೇ ಒಂದು ತ್ರಿಕೋನ ಮಾಡಿ, ಮೂಲೆಗಳಿಗೆ ಬಣ್ಣದ ಬದಲು ಎರಡೆರಡು ಸಂಖ್ಯೆ ಕೊಡಿ: ಒಂದಕ್ಕೆ 0, 0, ನಡುವಿನದಕ್ಕೆ ಅರ್ಧ, 0, ಕೊನೆಯದಕ್ಕೆ 1, 1. ಗೂರೋ ಹೊಳಪನ್ನು ಹಂಚಿದಂತೆಯೇ ಚಿಪ್ಪು ಈ ಸಂಖ್ಯೆಗಳನ್ನು ತ್ರಿಕೋನದ ತುಂಬ ಹಂಚುತ್ತದೆ. ಒಂದೊಂದು ಪಿಕ್ಸೆಲ್ಲಿನಲ್ಲೂ ಮೊದಲ ಸಂಖ್ಯೆಯ ವರ್ಗದಿಂದ ಎರಡನೆಯದನ್ನು ಕಳೆದರೆ, ಉತ್ತರ ಸೊನ್ನೆಗಿಂತ ಕಡಿಮೆಯಿದ್ದಲ್ಲಿ ಪಿಕ್ಸೆಲ್ ಬಾಗಿನ ಒಂದು ಬದಿಗೆ, ಹೆಚ್ಚಿದ್ದಲ್ಲಿ ಇನ್ನೊಂದು ಬದಿಗೆ. ಒಂದು ಬಾಗಿಗೆ ಒಂದೇ ತ್ರಿಕೋನ ಸಾಕು, ‘ಠ’ವನ್ನು ಗೋಡೆಯಷ್ಟು ದೊಡ್ಡದು ಮಾಡಿದರೂ ಅಂಚಿನಲ್ಲಿ ಮೂಲೆ ಏಳುವುದಿಲ್ಲ.